ಸಂಪ್ ಸೆನ್ಸರ್‌ನ ಬ್ಯಾಟರಿ ಉಳಿಸಿದ ಬಗೆ

ಜಯನಗರದ ಅಪಾರ್ಟ್‌ಮೆಂಟ್ ಒಂದರ ಸಂಪ್‌ನಲ್ಲಿ ನೀರಿನ ಮಟ್ಟ ಕಳಿಸುವ ಲೋರಾವಾನ್ (ಕಡಿಮೆ ವಿದ್ಯುತ್‌ನಲ್ಲಿ ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ರೇಡಿಯೊ ಜಾಲ) ಸೆನ್ಸರ್ ಬ್ಯಾಟರಿ ನುಂಗುತ್ತಿತ್ತು. ಪ್ರತಿ ಸಂದೇಶ ಜೇಸನ್ ಎಂಬ ಪಠ್ಯ ರೂಪದ 48 ಬೈಟ್, ಅದರ ಮೇಲೆ ಪ್ರೋಟೊಕಾಲ್‌ನ 13. ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್; ಹೆಚ್ಚಾದಷ್ಟೂ ಸಂಕೇತ ದೂರ ಮುಟ್ಟುತ್ತದೆ, ಪ್ರಸಾರ ನಿಧಾನ) 12ರಲ್ಲಿ ಪ್ರತಿ ಸಲ 2.8 ಸೆಕೆಂಡ್ ಪ್ರಸಾರ. ಮಟ್ಟಕ್ಕೆ 2 ಬೈಟ್ (ಮಿಲಿಮೀಟರ್‌ನಲ್ಲಿ), ವೋಲ್ಟೇಜ್‌ಗೆ 1, ಸ್ಥಿತಿಗೆ 1, ಒಟ್ಟು 4ಕ್ಕೆ ಇಳಿಸಿದರೂ 1.3 ಸೆಕೆಂಡ್ ಬೇಕೇ ಬೇಕು. ಪ್ರತಿ ಪ್ಯಾಕೆಟ್‌ನ ಮುಂದೆ ಬರುವ ಹೆಡರ್, ಪ್ರಿಯಾಂಬಲ್ ಎಲ್ಲಿಗೆ ಹೋದಾವು!

ನಿಜವಾದ ತೊಂದರೆ ಆಂಟೆನಾದ್ದು: ಕಬ್ಬಿಣದ ಮುಚ್ಚಳದ ಅಡಿಯಲ್ಲಿತ್ತು. ಹೊರಗೆ ಗೋಡೆಗೆ ಹಾಕಿ ಎಡಿಆರ್ (ಸಂಕೇತದ ಬಲಕ್ಕೆ ತಕ್ಕಂತೆ ಎಸ್‌ಎಫ್ ತಾನೇ ಹೊಂದಿಸುವ ವ್ಯವಸ್ಥೆ) ಆನ್ ಮಾಡಿದೆ. ಎಸ್‌ಎಫ್ 9ಕ್ಕೆ ಬಂದು 165 ಮಿಲಿಸೆಕೆಂಡ್‌ನಲ್ಲಿ ಮುಗಿಯಿತು. ಕನ್ಫರ್ಮ್ಡ್ ಅಪ್‌ಲಿಂಕ್ (ತಲುಪಿತೆಂದು ಉತ್ತರ ಕೇಳುವ ಸಂದೇಶ) ಕೂಡ ತೆಗೆದೆ, ಉತ್ತರ ಸಿಗದಿದ್ದರೆ ಅದೇ ಪ್ಯಾಕೆಟ್ ಮತ್ತೆ ಮತ್ತೆ ಹೋಗುತ್ತಿತ್ತು. ಈಗ ಮಟ್ಟ 5 ಸೆಂ.ಮೀ. ಬದಲಾದರೆ ಮಾತ್ರ ಕಳಿಸುತ್ತದೆ, ಇಲ್ಲವಾದರೆ 6 ಗಂಟೆಗೊಮ್ಮೆ. ಕಾವೇರಿ ನೀರು ಬರುವ ದಿನ ಪ್ಯಾಕೆಟ್ ಜಾಸ್ತಿ, ಅದು ಸರಿಯೇ.