ಕೊಟ್ಟಿಗೆಯಲ್ಲೊಂದು ವೆಲ್ಡಿಂಗ್: ಯಂತ್ರಕ್ಕಿಂತ ಮೊದಲು ಲೈನು ನೋಡಿ

ಶಿರಸಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ದನಗಳು ಕಡಿಮೆಯಾದ ಮೇಲೆ ಅರ್ಧ ಕೊಟ್ಟಿಗೆ ಖಾಲಿ ಬಿದ್ದಿತ್ತು. ಗೇಟಿನ ತಿರುಗಣಿ, ಕೈಗಾಡಿಯ ಹಿಡಿಕೆ ಮುರಿದಾಗಲೆಲ್ಲ ಪೇಟೆಗೆ ಓಡಿ ಬೇಸತ್ತು ಒಂದು ವೆಲ್ಡಿಂಗ್ ಯಂತ್ರ ತಂದೆ. ತಂದ ದಿನವೇ ಪಂಪಿನ 16 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದೆ. ನಾಲ್ಕನೆಯ ರಾಡ್ ಉರಿಯುವಾಗ ಮೀನಿನ ವಾಸನೆ ಬಂತು. ನಮ್ಮದು ಮೀನು ಬೇಯಿಸುವ ಮನೆಯಲ್ಲ, ಹಾಗಾಗಿ ಅನುಮಾನವಾಯಿತು. ಪ್ಲಗ್ ಕಿತ್ತರೆ ಪಿನ್ನಿನ ಬುಡ ಕಂದಿ ಕರಗಿತ್ತು.

ಪೆಟ್ಟಿಗೆಯ ಮೇಲಿನ ‘200 ಆಂಪಿಯರ್’ ರಾಡಿನ ತುದಿಯ ಮಾತು. ಗೋಡೆಯಿಂದ ಎಳೆಯುವುದು ಬೇರೆ ಲೆಕ್ಕ. 3.15 ಮಿ.ಮೀ. ರಾಡಿಗೆ ಸುಮಾರು 120 ಆಂಪಿಯರ್ ಬೇಕು, ಆರ್ಕಿನ (ರಾಡಿನ ತುದಿಯಲ್ಲಿ ಉರಿಯುವ ಕಿಡಿಯ) ವೋಲ್ಟೇಜ್ 25ರ ಆಸುಪಾಸು. ಅಲ್ಲಿಗೇ 3,000 ವ್ಯಾಟ್. ಯಂತ್ರದೊಳಗಿನ ನಷ್ಟ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಸೇರಿದರೆ 230 ವೋಲ್ಟಿನ ಲೈನಿನಿಂದ 20 ಆಂಪಿಯರಿಗೂ ಹೆಚ್ಚು ಹೋಗುತ್ತದೆ. 2.5 ಮಿ.ಮೀ. ರಾಡನ್ನು 80 ಆಂಪಿಯರಿನಲ್ಲಿ ಉರಿಸಿದರೆ ಲೈನಿನಿಂದ 13–14 ಆಂಪಿಯರ್. 16ರ ಸಾಕೆಟ್ ಹೇಗೋ ತಡೆದೀತು.

ಆದ್ದರಿಂದ ಕೊಟ್ಟಿಗೆಗೆ ಪ್ರತ್ಯೇಕ ಲೈನ್ ಎಳೆಸಿದೆ: 6 ಚದರ ಮಿ.ಮೀ. ತಾಮ್ರದ ತಂತಿ, 32 ಆಂಪಿಯರಿನ ‘ಸಿ’ ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್; ‘ಸಿ’ ಮಾದರಿ ಯಂತ್ರ ಶುರುವಾಗುವಾಗಿನ ಕ್ಷಣದ ಎಳೆತ ತಾಳುತ್ತದೆ), 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ನೀಲಿ ಇಂಡಸ್ಟ್ರಿಯಲ್ ಸಾಕೆಟ್, ಸರಿಯಾದ ಅರ್ಥಿಂಗ್. ಎಂಸಿಬಿ ಪದೇಪದೇ ಬೀಳುತ್ತದೆಂದು ಹಳೆಯ 2.5 ಚದರ ಮಿ.ಮೀ. ತಂತಿಗೇ 32 ಆಂಪಿಯರಿನದನ್ನು ಕೂರಿಸುವವರಿದ್ದಾರೆ. ಎಂಸಿಬಿ ಇರುವುದು ತಂತಿಯನ್ನು ಕಾಯಲಿಕ್ಕೆ. ಹಾಗೆ ಮಾಡಿದರೆ ಮೊದಲು ಸುಡುವುದೇ ತಂತಿ. ಕರೆಂಟ್ ಮೀಟರಿನಿಂದ ನಮ್ಮ ಕೊಟ್ಟಿಗೆಗೆ 30 ಮೀಟರ್ ದೂರ. 20 ಆಂಪಿಯರ್ ಹರಿದಾಗ 2.5ರ ತಂತಿಯಲ್ಲಿ 9 ವೋಲ್ಟ್ ಸೋರುತ್ತದೆ, 6ರಲ್ಲಿ ನಾಲ್ಕಕ್ಕಿಂತ ಕಡಿಮೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇತ್ತು, 5ಕ್ಕೆ ಏರಿಸಿಕೊಂಡೆ. ಇದೆಲ್ಲ ಪರವಾನಗಿ ಇರುವ ಗುತ್ತಿಗೆದಾರರ ಕೆಲಸ. ನಾನು ಟಾರ್ಚ್ ಹಿಡಿದು ನಿಂತಿದ್ದೆ, ಅಷ್ಟೆ.

ಇನ್ನು ಯಂತ್ರ. ಇಬ್ಬರು ಹೊರಬೇಕಾದ ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿ ಮನೆಗೆ ಬೇಡ, ಹಗುರವಾದ ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಯಂತ್ರ ಸಾಕು. ಅದರ ಫಲಕದಲ್ಲಿ ಎರಡು ಅಂಕಿ ಹುಡುಕಿ. ಒಂದು, ಎಷ್ಟು ಕಡಿಮೆ ವೋಲ್ಟೇಜಿನವರೆಗೆ ನಡೆಯುತ್ತದೆ ಎಂಬುದು. ನಮ್ಮಲ್ಲಿ ಸಂಜೆ ಮೀಟರ್ ಹಿಡಿದರೆ 185 ವೋಲ್ಟ್ ತೋರಿಸುತ್ತದೆ. ವೋಲ್ಟೇಜ್ ಇಳಿದಷ್ಟೂ ಯಂತ್ರ ಹೆಚ್ಚು ಕರೆಂಟ್ ಎಳೆಯುತ್ತದೆ. ಇನ್ನೊಂದು ಡ್ಯೂಟಿ ಸೈಕಲ್: ಶೇ 60 ಎಂದಿದ್ದರೆ ಆ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ಉರಿಸಬಹುದು. ಒಂದು ಇಂಚಿನ ಚೌಕ ಪೈಪು, ಗೇಟು, ಗಾಡಿ ಇಷ್ಟಕ್ಕೆ ನಿಜವಾದ 160 ಆಂಪಿಯರ್ ಧಾರಾಳ.

ಮಲೆನಾಡಿನ ಮಳೆಗಾಲ ಮಾತ್ರ ಬೇರೆ ಕಥೆ. ನೆಲ ಒದ್ದೆಯಿದ್ದರೆ ಯಂತ್ರ ಮುಟ್ಟುವುದಿಲ್ಲ. ರಾಡ್ ಸುಮ್ಮನಿರುವಾಗಲೂ ತುದಿಯಲ್ಲಿ 60–80 ವೋಲ್ಟ್ ಇರುತ್ತದೆ. ಒಣ ಹಲಗೆ, ರಬ್ಬರ್ ಬೂಟು, ಒಣ ಕೈಗವಸು ಇದ್ದರೆ ಮಾತ್ರ ಕೆಲಸ. ಥಂಡಿ ಹಿಡಿದ 6013 (ಸಾಮಾನ್ಯ ಉಕ್ಕಿನ ಕೆಲಸದ) ರಾಡ್ ಚಟಪಟ ಸಿಡಿಯುತ್ತದೆ, ಬೆಸುಗೆಯಲ್ಲಿ ತೂತು ಬೀಳುತ್ತದೆ. ನನ್ನ ರಾಡ್ ಕಟ್ಟು ಜೂನ್‌ನಿಂದ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಪಕ್ಕದಲ್ಲಿರುತ್ತದೆ.