ತಾರಸಿ ಹೈಡ್ರೋಪೋನಿಕ್ಸ್: ಹುಳದ ಔಷಧಿ ಆಮೇಲೆ, ಮೊದಲು ಟ್ಯಾಂಕಿನ ನೀರು ನೋಡಿ

ಬೆಂಗಳೂರಿನ ತಾರಸಿಗಳಲ್ಲಿ ಮಣ್ಣಿಲ್ಲದೆ, ಟ್ಯಾಂಕಿನ ಗೊಬ್ಬರದ ನೀರಿನಲ್ಲೇ ಪಾಲಕ್, ಲೆಟ್ಯೂಸ್, ಪುದೀನ ಬೆಳೆಸುವವರು ಈಗ ಜಾಸ್ತಿ. ಎಲೆ ಸ್ವಲ್ಪ ಬಾಡಿದರೂ ಸಾಕು, ಬೇವಿನೆಣ್ಣೆ ಹಿಡಿದು ಓಡುತ್ತಾರೆ. ಅರ್ಧ ಸಲ ತೊಂದರೆ ಎಲೆಯಲ್ಲಿ ಇರುವುದೇ ಇಲ್ಲ, ನೀರಿನಲ್ಲಿ ಇರುತ್ತದೆ.

ನಮ್ಮ ಬೋರ್‌ವೆಲ್ ನೀರು ತುಂಬಾ ಗಡಸು. ಗೊಬ್ಬರ ಹಾಕುವ ಮೊದಲೇ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) 300 ಪಿಪಿಎಂ ದಾಟಿದ್ದರೆ ಮಳೆನೀರನ್ನೋ ಆರ್‌ಒ ನೀರನ್ನೋ ಬೆರೆಸಿಕೊಳ್ಳಿ. ಕಾವೇರಿ ನೀರಾದರೆ ಒಂದು ರಾತ್ರಿ ಬಕೆಟ್‌ನಲ್ಲಿ ತೆರೆದಿಟ್ಟರೆ ಕ್ಲೋರಿನ್ ಕಡಿಮೆಯಾಗುತ್ತದೆ. ಗೊಬ್ಬರ ಎ, ಬಿ ಎಂಬ ಎರಡು ದ್ರಾವಣಗಳಾಗಿ ಬರುತ್ತದೆ. ಟ್ಯಾಂಕಿನ ನೀರಿಗೆ ಮೊದಲು ಎ ದ್ರಾವಣ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಬಿ. ಎರಡನ್ನೂ ನೀರಿಲ್ಲದೆ ನೇರವಾಗಿ ಬೆರೆಸಿದರೆ ಕ್ಯಾಲ್ಸಿಯಂ ಗಟ್ಟಿಯಾಗಿ ಬಿಳಿ ಗಸಿ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡುವುದು ಇದೆಲ್ಲ ಆದ ಮೇಲೆ, 5.5ರಿಂದ 6.5ರ ಒಳಗಿರಬೇಕು. ಗಡಸು ನೀರಿನಲ್ಲಿ ಇವತ್ತು ಇಳಿಸಿದ ಪಿಎಚ್ ನಾಳೆ ಮತ್ತೆ ಏರುತ್ತದೆ, ಅದಕ್ಕೆ ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ, ನೀರಿನಲ್ಲಿರುವ ಬೈಕಾರ್ಬನೇಟ್ ಮಾಡುವ ಕೆಲಸ ಅದು.

ಮಾರ್ಚ್‌ನಿಂದ ಮೇ ತನಕ ನಿಜವಾದ ಶತ್ರು ಬಿಸಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಬೇರು ಕೊಳೆಸುವ ಪಿಥಿಯಂ ಎಂಬ ರೋಗಾಣುವಿಗೆ ಸುಗ್ಗಿ. ಒಂದು ಗಿಡ ಎತ್ತಿ ಬೇರು ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಕಂದು ಬಣ್ಣ, ಲೋಳೆ, ಕೆಟ್ಟ ವಾಸನೆ, ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗೆ ಬರೀ ನೂಲಿನಂಥ ಎಳೆ ಉಳಿಯಿತೋ, ಆ ಗಿಡವನ್ನು ಉಳಿಸಲು ಹೋಗಬೇಡಿ. ಕಿತ್ತು ಹಾಕಿ, ಟ್ಯಾಂಕು ಖಾಲಿ ಮಾಡಿ, ಬ್ಲೀಚಿಂಗ್ ನೀರಲ್ಲಿ ಪೈಪ್ ಸಮೇತ ಉಜ್ಜಿ, ಒಳ್ಳೆ ನೀರಲ್ಲಿ ಚೆನ್ನಾಗಿ ತೊಳೆದು ಹೊಸದಾಗಿ ಶುರುಮಾಡಿ. ಮುಂದಕ್ಕೆ ಟ್ಯಾಂಕಿಗೆ ಬಿಳಿ ಬಣ್ಣ ಹೊಡೆದು ನೆರಳಲ್ಲಿಡಿ, ಏರ್ ಪಂಪ್ ಹಾಕಿ, ನೀರು 25 ಡಿಗ್ರಿ ಆಸುಪಾಸಿನಲ್ಲಿರಲಿ. ಬೆಳಕು ಒಳಗೆ ಬೀಳದಿದ್ದರೆ ಪಾಚಿಯ ಕಾಟವೂ ಇರುವುದಿಲ್ಲ.

ಈಗ ಹುಳಕ್ಕೆ ಬರೋಣ. ಎಲೆಯ ಹಿಂಭಾಗ ನೋಡುವುದು ಅಭ್ಯಾಸವಾಗಲಿ. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಮೇಲೆಲ್ಲೋ ಗಿಡಹೇನು ಇರುತ್ತದೆ, ಮೊದಲು ಜೋರಾಗಿ ನೀರು ಹೊಡೆದು ಉದುರಿಸಿ. ಒಣ ಬಿಸಿಲಲ್ಲಿ ಎಲೆ ಮಂಕಾದರೆ ಬಿಳಿ ಹಾಳೆಯ ಮೇಲೆ ಅದನ್ನು ತಟ್ಟಿ ನೋಡಿ, ಬಿದ್ದ ಚುಕ್ಕೆಗಳು ನಡೆದಾಡಿದರೆ ನುಸಿ. ಬಿಳಿನೊಣಕ್ಕೆ ಹಳದಿ ಅಂಟು ಹಾಳೆ, ಥ್ರಿಪ್ಸ್ ಎಂಬ ಸಣ್ಣ ರಸ ಹೀರುವ ಹುಳಕ್ಕೆ ನೀಲಿ. ಹತೋಟಿಗೆ ಬಾರದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಒಂದೆರಡು ಹನಿ ಸೋಪು, ಸಂಜೆ ಹೊತ್ತು ಎಲೆಯ ಕೆಳಗೂ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಹನಿ ಟ್ಯಾಂಕಿಗೆ ಬೀಳದಂತೆ ಮುಚ್ಚಿಕೊಳ್ಳಿ.

ಇಮಿಡಾಕ್ಲೋಪ್ರಿಡ್‌ನಂಥ ರಾಸಾಯನಿಕ ಹುಳದ ಔಷಧಿಯನ್ನು ಮಾತ್ರ ಟ್ಯಾಂಕಿನ ನೀರಿಗೆ ಹಾಕಲೇಬೇಡಿ. ಬೇರು ಅದನ್ನು ಹೀರಿ ಎಲೆಗೆ ಕಳಿಸುತ್ತದೆ, ಆ ಸೊಪ್ಪು ನಾಲ್ಕು ದಿನದಲ್ಲಿ ಮಕ್ಕಳ ತಟ್ಟೆಗೆ ಬರುವಂಥದ್ದು ಅಲ್ವಾ? ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ಇನ್ನೊಂದು, ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ, ಪೈಪ್ ಹೋಗುವ ತೂತಿನ ಸುತ್ತ ಸೊಳ್ಳೆ ಪರದೆ ಸುತ್ತಿ. ಡೆಂಗಿ ಹರಡುವ ಸೊಳ್ಳೆಗೆ ನಿಂತ ನೀರು ಸ್ವಲ್ಪ ಸಿಕ್ಕಿದರೂ ಸಾಕು.