ಜಿಗ್ಗಿಂಗ್ ದಾರ: ರೀಲಿಗೆ ಯಾವುದು, ತುದಿಗೆ ಯಾವುದು?

ಮಲ್ಪೆಯಿಂದ ಹೊರಟ ದೋಣಿಯಲ್ಲಿ ಈ ಸಲ ನಮ್ಮ ಜೊತೆ ಹೊಸಬರೊಬ್ಬರಿದ್ದರು. ರಾಡು ಹೊಸದು, ಸ್ಪಿನ್ನಿಂಗ್ ರೀಲು ಹೊಸದು, ರೀಲಿನ ತುಂಬ ಮಿರಮಿರ ಮಿಂಚುವ ದಪ್ಪ ಫ್ಲೋರೋಕಾರ್ಬನ್ ಎಂಬ ಗಡಸು ಪ್ಲಾಸ್ಟಿಕ್ ದಾರ. ಎಂಬತ್ತು ಗ್ರಾಮಿನ ಜಿಗ್, ಅಂದರೆ ಲೋಹದ ಹುಸಿ ಮೀನು, ಕಟ್ಟಿ, ದಾರವನ್ನು ತಡೆದು ಹಿಡಿಯುವ ಬೇಲ್ ತಂತಿ ಎತ್ತಿದ್ದೇ ತಡ, ದಾರ ಸುರುಳಿ ಸುರುಳಿಯಾಗಿ ಹಾರಿ ರಾಡಿನ ಮೊದಲ ಉಂಗುರಕ್ಕೆ ಗೂಡು ಕಟ್ಟಿತು. ದೋಣಿ ನಡೆಸುವ ತಾಂಡೇಲರು ಎಂಜಿನ್ ನಿಧಾನಿಸಿ, "ಇದೇನು ಮಾರಾಯರೇ, ದಾರವೋ ಸ್ಪ್ರಿಂಗೋ?" ಎಂದರು. ಮುಂದಿನ ಅರ್ಧ ತಾಸು ಕತ್ತರಿ ಕೆಲಸ. ಅಷ್ಟರಲ್ಲಿ ಬಂಗುಡೆಯ ಹಿಂಡೂ ಹೋಯಿತು, ಅದರ ಬೆನ್ನು ಹತ್ತಿದ್ದ ಕೊಕ್ಕರ್ ಮೀನುಗಳೂ ಹೋದವು. ನಾನು ನಗಲಿಲ್ಲ. ಒಂದು ಕಾಲದಲ್ಲಿ ನಾನೂ ಹೀಗೆಯೇ ನೂರೈವತ್ತು ಮೀಟರ್ ಫ್ಲೋರೋಕಾರ್ಬನ್ ತಂದು ರೀಲಿಗೆ ಸುತ್ತಿದವನು.

ಜಿಗ್ಗಿಂಗ್ ಎಂದರೆ ಮೀನಿನ ಆಕಾರದ ಲೋಹದ ತುಂಡನ್ನು ನೇರವಾಗಿ ತಳಕ್ಕೆ ಬಿಟ್ಟು, ರಾಡಿನಿಂದ ಜಗ್ಗುತ್ತ, ರೀಲು ತಿರುಗಿಸುತ್ತ ಮೇಲಕ್ಕೆ ತರುವುದು. ಎರೆಯಿಲ್ಲ, ಕಾಯುವುದಿಲ್ಲ; ಮೀನನ್ನು ಕೆಣಕುವ ಕೆಲಸವೆಲ್ಲ ನಿಮ್ಮ ತೋಳಿನದು. ಆ ಜಗ್ಗು ಮೂವತ್ತು ಮೀಟರ್ ಕೆಳಗಿರುವ ಜಿಗ್ಗಿಗೆ ತಲುಪಬೇಕು, ಅಲ್ಲಿ ಮೀನು ಮುಟ್ಟಿದ್ದು ನಿಮ್ಮ ಕೈಗೆ ತಿಳಿಯಬೇಕು. ದಾರದ ಆಯ್ಕೆ ನಿಂತಿರುವುದು ಇದರ ಮೇಲೆ.

ಮೊದಲು ರೀಲಿನ ದಾರ

ಅಂಗಡಿಯಲ್ಲಿ ಮೂರು ಜಾತಿಯ ದಾರ ಸಿಗುತ್ತದೆ. ನೈಲಾನ್ ಅಗ್ಗ, ಮೆತ್ತಗೆ, ಗಂಟು ಚೆನ್ನಾಗಿ ಹಿಡಿಯುತ್ತದೆ. ಆದರೆ ರಬ್ಬರಿನಂತೆ ಹಿಗ್ಗುತ್ತದೆ, ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ. ಮೂವತ್ತು ಮೀಟರ್ ನೈಲಾನ್ ಬಿಟ್ಟು ರಾಡನ್ನು ಜಗ್ಗಿದರೆ ಜಗ್ಗಿನ ಬಹುಪಾಲನ್ನು ದಾರವೇ ನುಂಗುತ್ತದೆ. ಕೆಳಗೆ ಜಿಗ್ ತೂಕಡಿಸುತ್ತಿರುತ್ತದೆ.

ಫ್ಲೋರೋಕಾರ್ಬನ್ ಹಿಗ್ಗುವುದೇ ಇಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನಂಬಬೇಡಿ. ಅದೂ ಹಿಗ್ಗುತ್ತದೆ, ಬಲವಾಗಿ ಎಳೆದ ಮೇಲೆ ನೈಲಾನಿನಷ್ಟು ಚೆನ್ನಾಗಿ ಮೊದಲಿನ ಉದ್ದಕ್ಕೆ ಮರಳುವುದೂ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅದರ ನೆನಪಿನ ಶಕ್ತಿ. ಸ್ಪೂಲಿನ, ಅಂದರೆ ರೀಲಿನ ದಾರದ ಉರುಳೆಯ, ಮೇಲೆ ಸುತ್ತಿಕೊಂಡ ಆಕಾರವನ್ನು ಅದು ಮರೆಯುವುದಿಲ್ಲ. ಸ್ಪಿನ್ನಿಂಗ್ ರೀಲಿನಲ್ಲಿ ಸ್ಪೂಲು ತಿರುಗುವುದಿಲ್ಲ, ದಾರ ಅದರ ಅಂಚಿನಿಂದ ಸುರುಳಿಯಾಗಿ ಕಳಚಿ ಬರುತ್ತದೆ. ಗಡಸು ದಾರಕ್ಕೆ ಅದೇ ನೆಪ, ತಡೆಯಿಲ್ಲದೆ ಹಾರುತ್ತದೆ. ಕೆರೆಯಲ್ಲಿ ಆರು ಅಥವಾ ಎಂಟು ಪೌಂಡಿನ (ಅಷ್ಟು ತೂಕ ತಡೆಯುವ) ತೆಳು ಫ್ಲೋರೋಕಾರ್ಬನ್ ಹಾಕಿ ಸಣ್ಣ ಮೀನು ಹಿಡಿಯುವವರಿದ್ದಾರೆ, ಅವರ ಬಗ್ಗೆ ತಕರಾರಿಲ್ಲ. ಸಮುದ್ರದ ಜಿಗ್ಗಿಂಗಿಗೆ ಬೇಕಾದ ದಪ್ಪದಲ್ಲಿ ಅದನ್ನು ರೀಲಿನ ತುಂಬ ಸುತ್ತುವುದು ಹಣ ಕೊಟ್ಟು ತಲೆನೋವು ತಂದಂತೆ.

ಉಳಿದದ್ದು ಬ್ರೇಡ್, ಅಂದರೆ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ. ಹಿಗ್ಗುವುದು ಅತ್ಯಲ್ಪ, ದಪ್ಪಕ್ಕೆ ಹೋಲಿಸಿದರೆ ಬಲ ಬಹಳ, ತೆಳ್ಳಗಿರುವುದರಿಂದ ನೀರಿನ ಸೆಳೆತಕ್ಕೆ ಸಿಕ್ಕುವುದೂ ಕಡಿಮೆ. ರೀಲಿಗೆ ಇದೇ. ಈ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಬ್ರೇಡ್ ಕೊಳ್ಳುವಾಗ ಪೌಂಡು ನೋಡಬೇಡಿ, ಪಿ.ಇ. (ಪಾಲಿಎಥಿಲೀನ್) ಸಂಖ್ಯೆ ನೋಡಿ. ಇದು ಜಪಾನಿನವರ ದಪ್ಪದ ಅಳತೆ: ಪಿ.ಇ. 1 ಎಂದರೆ ಸುಮಾರು 0.165 ಮಿ.ಮೀ., ಪಿ.ಇ. 2 ಎಂದರೆ 0.235, ಪಿ.ಇ. 3 ಎಂದರೆ 0.285. ಒಳ್ಳೆಯ ದಾರವಾದರೆ ಪಿ.ಇ. 2 ಸುಮಾರು 40 ಪೌಂಡ್, ಅಂದರೆ 18 ಕಿಲೋ ತೂಕ ತಡೆಯುತ್ತದೆ. ಅದೇ ದಪ್ಪಕ್ಕೆ 80 ಪೌಂಡ್ ಎಂದು ಬರೆದಿದ್ದರೆ ಡಬ್ಬಿಯನ್ನು ಸದ್ದಿಲ್ಲದೆ ಕಪಾಟಿಗೆ ಮರಳಿಸಿ. ಅಗ್ಗದ ಬ್ರೇಡುಗಳಲ್ಲಿ ಬರೆದ ಪೌಂಡಿಗೆ ತಕ್ಕ ಬಲ ಬರಲೆಂದು ದಾರವನ್ನೇ ದಪ್ಪಗೆ ಮಾಡಿ, ದಪ್ಪವನ್ನು ಮಾತ್ರ ತೆಳುವೆಂದು ಬರೆದಿರುವುದೂ ಉಂಟು. ರೀಲಿನಲ್ಲಿ 300 ಮೀಟರ್ ಹಿಡಿಯಬೇಕಾದ ಕಡೆ 200ಕ್ಕೇ ಸ್ಪೂಲು ತುಂಬಿದರೆ ಮೋಸ ಹೋದಿರಿ ಎಂದು ತಿಳಿಯಿರಿ.

ನಮ್ಮ ಕರಾವಳಿಯ ಕಡಲು ಬಹಳ ದೂರದವರೆಗೆ ಆಳವಿಲ್ಲ. ಒಂದು ತಾಸು ದೋಣಿ ಓಡಿಸಿದರೂ ಮೂವತ್ತು ನಲವತ್ತು ಮೀಟರ್ ದಾಟುವುದು ಅಪರೂಪ. ನಲವತ್ತರಿಂದ ನೂರು ಗ್ರಾಮಿನ ಜಿಗ್ಗಿಗೆ ಪಿ.ಇ. 2 ಸಾಕು, ಮುರು ಮೀನಿನ ಕಲ್ಲಿನ ಜಾಗವಾದರೆ ಪಿ.ಇ. 3, ಏಕೆಂದರೆ ಅದು ಗಾಳ ಕಚ್ಚಿದೊಡನೆ ತಲೆ ತಗ್ಗಿಸಿ ಬಿಲಕ್ಕೆ ನುಗ್ಗುತ್ತದೆ, ಅದನ್ನು ಹೊರಗೆ ಎಳೆಯಲು ಬಲ ಬೇಕು. ಎಂಟೆಳೆಯ ಬ್ರೇಡ್ ನುಣುಪು, ಉಂಗುರದಲ್ಲಿ ಸದ್ದು ಮಾಡುವುದಿಲ್ಲ. ಪ್ರತಿ ಹತ್ತು ಮೀಟರಿಗೆ ಬಣ್ಣ ಬದಲಾಗುವ ದಾರ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ. ಮೂರನೆಯ ಬಣ್ಣದಲ್ಲಿ ಮೀನು ಹಿಡಿಯಿತು ಎಂದಾದರೆ ಮುಂದಿನ ಸಲ ಜಿಗ್ಗನ್ನು ಅಲ್ಲಿಗೇ ಕಳುಹಿಸಬಹುದು.

ಸುತ್ತುವುದು ಸುಲಭ: ಬರಿ ಸ್ಪೂಲಿನ ಮೇಲೆ ಬ್ರೇಡ್ ಜಾರುತ್ತದೆ, ಆದ್ದರಿಂದ ತಳಕ್ಕೆ ಕೆಲವು ಮೀಟರ್ ನೈಲಾನ್, ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ, ಅಂಚಿಗೆ ಎರಡು ಮಿ.ಮೀ. ಬಿಡಿ.

ತುದಿಗೆ ಫ್ಲೋರೋಕಾರ್ಬನ್

ಬ್ರೇಡಿಗೆ ಕಲ್ಲು ತಾಗಿದರೆ ಮುಗಿಯಿತು, ಹರಿತವಾದ ಚಿಪ್ಪು ಸವರಿದರೂ ತುಂಡು. ಮೆತ್ತಗಿರುವುದರಿಂದ ಜಿಗ್ಗಿನ ಕೊಕ್ಕೆಗಳಿಗೆ ತಾನೇ ಸುತ್ತಿಕೊಳ್ಳುತ್ತದೆ. ಹಾಗಾಗಿ ಕೊನೆಯ ಒಂದೂವರೆ ಎರಡು ಮೀಟರ್ ಬೇರೆ ದಾರ, ಅಂದರೆ ಲೀಡರ್ ಬೇಕು. ಫ್ಲೋರೋಕಾರ್ಬನ್ನಿನ ನಿಜವಾದ ಜಾಗ ಇದು. ಪಿ.ಇ. 2ಕ್ಕೆ 30ರಿಂದ 40 ಪೌಂಡ್, ಪಿ.ಇ. 3ಕ್ಕೆ 50 ಪೌಂಡ್.

ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದಿಲ್ಲ ಎಂಬ ಜಾಹೀರಾತಿನ ಹಿಂದೆ ಒಂದಿಷ್ಟು ಸತ್ಯವಿದೆ. ಬೆಳಕನ್ನು ಬಾಗಿಸುವ ಅಳತೆಯಾದ ವಕ್ರೀಭವನ ಸೂಚ್ಯಂಕ ನೀರಿಗೆ ಹತ್ತಿರವಿದ್ದಷ್ಟೂ ದಾರ ಕಾಣುವುದು ಕಡಿಮೆ: ನೀರಿನದು 1.33, ಇದರದು 1.42, ನೈಲಾನಿನದು 1.5ಕ್ಕೂ ಮೇಲೆ. ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮ ಕಡಲಿನ ಬಣ್ಣ ಚಹಾದಂತಿರುತ್ತದೆ. ಆ ನೀರಿನಲ್ಲಿ ಹಗ್ಗ ಕಟ್ಟಿದರೂ ಮೀನಿಗೆ ಕಾಣಲಿಕ್ಕಿಲ್ಲ. ನಾನು ಹಣ ಕೊಡುವುದು ಅದರ ಗಡಸು ಮೈಗೆ, ನೀರು ಕುಡಿಯದ ಗುಣಕ್ಕೆ. ಜೇಬು ಒಪ್ಪದಿದ್ದರೆ 50 ಪೌಂಡಿನ ಒಳ್ಳೆಯ ನೈಲಾನ್ ಕಟ್ಟಿ, ಮೀನು ಬಂದೇ ಬರುತ್ತದೆ. ಅಂಜಲ್ ಮೀನಿನ ಹಲ್ಲಿಗೆ ಮಾತ್ರ ಎರಡೂ ಒಂದೇ, ಕತ್ತರಿಸಿಕೊಂಡು ಹೋಗುತ್ತದೆ. ಅಂಜಲ್ ಹಿಂಡು ಸಿಕ್ಕಿದ ದಿನ ಒಂದೆರಡು ಜಿಗ್ ಕಳೆಯಲು ಸಿದ್ಧರಾಗಿ, ಇಲ್ಲವೇ ಗೇಣುದ್ದ ಉಕ್ಕಿನ ತಂತಿ ಸೇರಿಸಿ.

ಇನ್ನು ಕಲಬೆರಕೆಯ ವಿಷಯ. 'ಫ್ಲೋರೋಕಾರ್ಬನ್ ಕೋಟೆಡ್' ಎಂದು ಡಬ್ಬಿಯ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದರೆ ಅದು ಬಣ್ಣ ಬಳಿದ ನೈಲಾನ್. ಅದನ್ನೂ ಬರೆಯದೆ ಮಾರುವವರಿದ್ದಾರೆ. ದಾರಕ್ಕೆ ಬೆಂಕಿ ಹಚ್ಚಿ ನೋಡಿ ಎಂದು ಕೆಲವರು ಹೇಳುತ್ತಾರೆ. ಫ್ಲೋರೋಕಾರ್ಬನ್ ಸುಟ್ಟ ಹೊಗೆ ವಿಷ, ಬೇಡ. ಅಡುಗೆಮನೆಯಲ್ಲೇ ಪರೀಕ್ಷೆ ಇದೆ. ಒಂದು ಲೋಟ, ಅಂದರೆ 200 ಮಿ.ಲೀ. ನೀರಿಗೆ 75 ಗ್ರಾಂ ಉಪ್ಪು ಹಾಕಿ ಚೆನ್ನಾಗಿ ಕದಡಿ. ತಳದಲ್ಲಿ ಸ್ವಲ್ಪ ಉಪ್ಪು ಕರಗದೆ ಉಳಿಯಬೇಕು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಡಿ, ಇಲ್ಲದಿದ್ದರೆ ನೀರಿನ ಪೊರೆಯೇ ದಾರವನ್ನು ತೇಲಿಸುತ್ತದೆ. ಬೆರಳುಗುರಿನಷ್ಟು ದಾರ ಕತ್ತರಿಸಿ ಮುಳುಗಿಸಿ, ಗುಳ್ಳೆ ಹೋಗುವಂತೆ ಅಲುಗಿಸಿ ಬಿಡಿ. ಈ ಉಪ್ಪುನೀರಿನ ಸಾಂದ್ರತೆ ಸುಮಾರು 1.2, ನೈಲಾನಿನದು 1.14, ಫ್ಲೋರೋಕಾರ್ಬನ್ನಿನದು 1.78. ನೈಲಾನ್ ಮೇಲೆ ಬರುತ್ತದೆ, ಅಸಲಿ ದಾರ ಕಲ್ಲಿನಂತೆ ತಳ ಸೇರುತ್ತದೆ. ಬರಿ ನೀರಿನಲ್ಲಿ ಎರಡೂ ಮುಳುಗುವುದರಿಂದ ಉಪ್ಪಿಲ್ಲದೆ ಈ ಪರೀಕ್ಷೆ ನಡೆಯದು.

ಎಲ್ಲರೂ ಎಡವುವ ಗಂಟು

ಬ್ರೇಡಿಗೂ ಲೀಡರಿಗೂ ಗಂಟು ಹಾಕುವ ಹೊತ್ತಿಗೆ ದುಬಾರಿ ದಾರ ಕೊಂಡವರೂ ಸೋಲುತ್ತಾರೆ. ಒಂದು ನಯ, ಇನ್ನೊಂದು ಗಡಸು. ಸಾಮಾನ್ಯ ಗಂಟು ಜಾರುತ್ತದೆ, ಇಲ್ಲವೇ ಉಂಡೆಯಾಗಿ ಉಂಗುರಕ್ಕೆ ಬಡಿಯುತ್ತದೆ. ಎಫ್‌ಜಿ ಗಂಟನ್ನೇ ಕಲಿಯಿರಿ. ಅದರಲ್ಲಿ ಲೀಡರ್ ಬಾಗುವುದೇ ಇಲ್ಲ, ಬ್ರೇಡ್ ಅದನ್ನು ಚಾಪೆ ಹೆಣೆದಂತೆ ಅಪ್ಪಿ ಹಿಡಿಯುತ್ತದೆ. ಮನೆಯಲ್ಲಿ ಹತ್ತು ಸಲ ಕಟ್ಟಿ ನೋಡದೆ ದೋಣಿ ಹತ್ತಬೇಡಿ.

ಬ್ರೇಡಿನ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ರಾಡನ್ನು ಕುರ್ಚಿಗೆ ಒರಗಿಸಿ, ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕು) ಬಿಗಿ ಮಾಡಿ ದಾರವನ್ನು ತಂಬೂರಿಯ ತಂತಿಯಂತೆ ಎಳೆದು ನಿಲ್ಲಿಸಿ. ಇಲ್ಲಿ ದಾರ ಸಡಿಲವಿದ್ದರೆ ಮುಂದಿನದೆಲ್ಲ ವ್ಯರ್ಥ. ಲೀಡರನ್ನು ಅದರ ಮೇಲೆ ಅಡ್ಡ ಇಡಿ. ಲೀಡರಿನ ತುದಿಯನ್ನು ಒಮ್ಮೆ ಕಿಟಕಿಯ ಕಡೆಯ ಬ್ರೇಡಿನ ಮೇಲಿನಿಂದ ಇಳಿಸಿ ತನ್ನಿ, ಮರುಸಲ ರಾಡಿನ ಕಡೆಯ ಬ್ರೇಡಿನ ಕೆಳಗಿನಿಂದ ಏರಿಸಿ ತನ್ನಿ. ಹೀಗೆ ಎರಡೂ ಕಡೆ ಸೇರಿ ಇಪ್ಪತ್ತು ಸುತ್ತು. ಪ್ರತಿ ಸುತ್ತೂ ಹಿಂದಿನದರ ಪಕ್ಕದಲ್ಲಿ ಕೂರಬೇಕು, ಮೇಲೆ ಹತ್ತಬಾರದು. ನಾಲ್ಕು ಸುತ್ತಿಗೊಮ್ಮೆ ಲೀಡರನ್ನು ಮೆಲ್ಲಗೆ ಜಗ್ಗಿ ಸಾಲು ಸರಿಮಾಡಿ.

ಈಗ ಸುತ್ತುಗಳನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಕಿಟಕಿಯ ಕಡೆಯ ತುದಿಯನ್ನು ಬಿಡಿಸಿಕೊಳ್ಳಿ. ಆ ತುದಿಯಿಂದ ಲೀಡರನ್ನೂ ರೀಲಿನ ಕಡೆಯ ಬ್ರೇಡನ್ನೂ ಸೇರಿಸಿ ಎರಡು ಅರೆಗಂಟು (ಒಂದು ಸುತ್ತು ಹಾಕಿ ತುದಿಯನ್ನು ಅದರೊಳಗೆ ತೂರಿಸಿ ಬಿಗಿಯುವುದು) ಹಾಕಿ. ಇಲ್ಲಿಯವರೆಗೆ ಬಹುತೇಕರು ಸರಿಯಾಗಿ ಬರುತ್ತಾರೆ. ಮುಂದಿನ ಹೆಜ್ಜೆಯನ್ನೇ ಹಾರಿಸುತ್ತಾರೆ: ಗಂಟಿಗೆ ಎಂಜಲು ಹಚ್ಚಿ, ಕೈಗವಸು ಹಾಕಿ, ಬ್ರೇಡನ್ನು ಒಂದು ಮರದ ತುಂಡಿಗೆ ಸುತ್ತಿ, ಲೀಡರನ್ನೂ ಬ್ರೇಡನ್ನೂ ಎದುರುಬದುರಾಗಿ ಎಳೆಯಬೇಕು. ಮೊದಲು ನಿಧಾನ, ಆಮೇಲೆ ಇರುವಷ್ಟು ಬಲ. ಬ್ರೇಡಿನ ಸುತ್ತುಗಳು ಕಚ್ಚಿಕೊಂಡಾಗ ಅವುಗಳ ಬಣ್ಣ ಗಾಢವಾಗುತ್ತದೆ. ಬಣ್ಣ ಬದಲಾಗುವವರೆಗೆ ಗಂಟು ಇನ್ನೂ ಗಂಟಾಗಿಲ್ಲ. ಜಾರಿತೇ? ಕತ್ತರಿಸಿ, ಮೊದಲಿನಿಂದ ಶುರು ಮಾಡಿ. ಬರಿಗೈಗೆ ಬ್ರೇಡ್ ಸುತ್ತಿ ಎಳೆದರೆ ಬೆರಳು ಕೊಯ್ಯುತ್ತದೆ. ನನ್ನ ಬಲಗೈ ತೋರುಬೆರಳಿನ ಗೆರೆಗಳಲ್ಲಿ ಒಂದು ಹುಟ್ಟಿನಿಂದ ಬಂದದ್ದಲ್ಲ.

ಬಿಗಿಯಾದ ಮೇಲೆ ಇನ್ನೂ ಆರು ಅರೆಗಂಟು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಲೀಡರಿನ ಉಳಿದ ತುದಿಯನ್ನು ಓರೆಯಾಗಿ ಒತ್ತಿ ಕತ್ತರಿಸಿ, ಬರಿ ಬ್ರೇಡಿನ ಮೇಲೆ ಮತ್ತೆ ನಾಲ್ಕೈದು ಅರೆಗಂಟು ಹಾಕಿ ಮುಗಿಸಿ. ಲೀಡರಿನ ತುದಿಯನ್ನು ಲೈಟರಿನಲ್ಲಿ ಸುಟ್ಟು ಗುಂಡು ಮಾಡುವ ಚಾಳಿ ಕೆಲವರಿಗಿದೆ. ಪಾಲಿಎಥಿಲೀನ್ ಸುಮಾರು 145 ಡಿಗ್ರಿಗೇ ಕರಗುತ್ತದೆ. ಪಕ್ಕದ ಬ್ರೇಡಿಗೆ ಬಿಸಿ ತಾಗಿದ್ದು ಕಣ್ಣಿಗೆ ಕಾಣದು, ಮೀನು ಹಿಡಿದಾಗ ತಿಳಿಯುತ್ತದೆ. ಅಲುಗುವ ದೋಣಿಯಲ್ಲಿ ಎಫ್‌ಜಿ ಆಗದಿದ್ದರೆ ಎರಡು ದಾರ ಜೋಡಿಸುವ ಸರಳವಾದ ಡಬಲ್ ಯೂನಿ ಗಂಟು ಹಾಕಿಕೊಳ್ಳಿ, ಆ ದಿನಕ್ಕೆ ಸಾಕು.

ಲೀಡರಿನ ಇನ್ನೊಂದು ತುದಿಯನ್ನು ಜಿಗ್ಗಿನ ಉಂಗುರಕ್ಕೆ ನಾಲ್ಕು ಸುತ್ತಿನ ಯೂನಿ ಗಂಟಿನಲ್ಲಿ (ಕುಣಿಕೆಯೊಳಗೆ ತುದಿಯನ್ನು ಸುತ್ತಿ ಬಿಗಿಯುವ ಗಂಟು) ಕಟ್ಟಿ, ಬಿಗಿಯುವ ಮೊದಲು ಒದ್ದೆ ಮಾಡಿ. ಒಣಗಿದ ಫ್ಲೋರೋಕಾರ್ಬನ್ ತಿಕ್ಕಾಟದ ಬಿಸಿಗೇ ಸೊರಗುತ್ತದೆ. ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೆ ಇಡಿ: ಪಿ.ಇ. 2ಕ್ಕೆ ನಾಲ್ಕೂವರೆ ಕಿಲೋ, ಮನೆಯ ತೂಗುಕೊಕ್ಕೆ ಸಿಕ್ಕಿಸಿ ಎಳೆದು ನೋಡಬಹುದು. ಜಿಗ್ ತಳ ಮುಟ್ಟಿದೊಡನೆ ಬೇಲ್ ತಂತಿಯನ್ನು ಕೈಯಿಂದಲೇ ಮುಚ್ಚಿ, ದಾರವನ್ನೊಮ್ಮೆ ಬಿಗಿ ಎಳೆದು ಆಮೇಲೆ ಹಿಡಿಕೆ ತಿರುಗಿಸಿ. ಸಡಿಲ ಸುರುಳಿಯ ಮೇಲೆ ಬಿಗಿ ದಾರ ಕೂತರೆ ಬ್ರೇಡೂ ಗೂಡು ಕಟ್ಟುತ್ತದೆ.

ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ, ಲೀಡರಿಗೆ ಉಗುರು ಸವರಿ ನೋಡಿ, ತರಿ ಸಿಕ್ಕರೆ ಬದಲಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆ ಬಿಡುವಿನಲ್ಲಿ ಬ್ರೇಡನ್ನು ಬಿಚ್ಚಿ ತಿರುವಿ ಸುತ್ತಿದರೆ ಸ್ಪೂಲಿನ ತಳದಲ್ಲಿ ಬಿಸಿಲು ಕಾಣದೆ ಮಲಗಿದ್ದ ಹೊಸ ದಾರ ಮೇಲೆ ಬರುತ್ತದೆ. ನನ್ನ ಆ ನೂರೈವತ್ತು ಮೀಟರ್ ಫ್ಲೋರೋಕಾರ್ಬನ್? ಎರಡೆರಡು ಮೀಟರಿನಂತೆ ಎಪ್ಪತ್ತೈದು ಲೀಡರ್ ಆಯಿತು. ಅದರಲ್ಲೊಂದನ್ನು ಮೊನ್ನೆ ಆ ಹೊಸಬರ ರಾಡಿಗೆ ಕಟ್ಟಿದೆ.